ಆರು ನೆಲ, ಆರು ಪುಟಿತ

ಕೆರಿಬಿಯನ್ ದೇಶೀಯ ಕ್ರಿಕೆಟ್‌ನ ಪಿಚ್ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ಯಾವ ನೆಲದ ಪಿಚ್ ಎಂದು ತಿರುಗಿ ಕೇಳಬೇಕಾಗುತ್ತದೆ. ಜಮೈಕಾದ ಕಿಂಗ್‌ಸ್ಟನ್‌ನಿಂದ ಗಯಾನಾದ ಜಾರ್ಜ್‌ಟೌನ್‌ಗೆ 2,000 ಕಿಲೋಮೀಟರ್‌ಗೂ ಮಿಕ್ಕಿದ ದೂರ. ನಡುವೆ ಹವಳದ ಸುಣ್ಣಕಲ್ಲಿನ ದ್ವೀಪ ಇದೆ, ಜ್ವಾಲಾಮುಖಿಯಿಂದ ಎದ್ದ ದ್ವೀಪಗಳಿವೆ. ಗಯಾನಾವಂತೂ ದ್ವೀಪವೇ ಅಲ್ಲ, ದಕ್ಷಿಣ ಅಮೆರಿಕದ ಭೂಭಾಗ. ಸರ್ಕಾರಗಳು ಬೇರೆ, ನಾಣ್ಯಗಳು ಬೇರೆ. ಆಡುವುದು ಮಾತ್ರ ವೆಸ್ಟ್ ಇಂಡೀಸ್ ಎಂಬ ಒಂದೇ ಹೆಸರಿನಲ್ಲಿ. ಆ ತಂಡಕ್ಕೆ ಆಟಗಾರರನ್ನು ಒದಗಿಸುವ ದೇಶೀಯ ಟೂರ್ನಿ ಭಾರತದ ರಣಜಿ ಟ್ರೋಫಿಯಂಥದ್ದು. 1966ರಲ್ಲಿ ಶೆಲ್ ಶೀಲ್ಡ್ ಎಂದು ಶುರುವಾಗಿ, ಪ್ರಾಯೋಜಕರು ಬದಲಾದ ಹಾಗೆ ರೆಡ್ ಸ್ಟ್ರೈಪ್ ಕಪ್, ಬುಸ್ಟಾ ಕಪ್, ಕ್ಯಾರಿಬ್ ಬಿಯರ್ ಕಪ್ ಎಂದೆಲ್ಲ ಕರೆಸಿಕೊಂಡು, ಈಗ ವೆಸ್ಟ್ ಇಂಡೀಸ್ ಚಾಂಪಿಯನ್‌ಷಿಪ್ ಎನಿಸಿಕೊಂಡಿದೆ. ಬಾರ್ಬಡೋಸ್, ಗಯಾನಾ, ಜಮೈಕಾ, ಟ್ರಿನಿಡಾಡ್ ಮತ್ತು ಟೊಬೇಗೊ, ಚಿಕ್ಕ ದ್ವೀಪಗಳನ್ನು ಕಟ್ಟಿ ಮಾಡಿದ ಲೀವರ್ಡ್ ಮತ್ತು ವಿಂಡ್‌ವರ್ಡ್ ತಂಡಗಳು: ಪ್ರಮುಖ ತಂಡಗಳು ಈ ಆರು. ಪ್ರತಿ ತಂಡದ ಹಿಂದೆ ಒಂದೊಂದು ಬಗೆಯ ಮಣ್ಣಿದೆ, ಆ ಮಣ್ಣು ರೂಪಿಸಿದ ಒಂದೊಂದು ಬಗೆಯ ಆಟವಿದೆ.

ಪಿಚ್ ಎಂದರೆ 22 ಗಜ ಉದ್ದ, 10 ಅಡಿ ಅಗಲದ ಜೇಡಿಮಣ್ಣಿನ ಪಟ್ಟಿ. ಕ್ರಿಕೆಟ್‌ಗೆ ಬೇಕಾದ್ದು ಅಂಟುವ ಮಣ್ಣು. ಅದಕ್ಕೆ ನೀರು ಕುಡಿಸಿ, ಹದ ನೋಡಿ ರೋಲರ್ ಉರುಳಿಸಿದರೆ ಕಣ ಕಣ ಒತ್ತಿಕೊಂಡು, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಟ್ಟಿ ನೆಲಕ್ಕೆ ಬಿದ್ದ ಚೆಂಡು ವೇಗ ಕಳೆದುಕೊಳ್ಳದೆ ಎದ್ದು ಬರುತ್ತದೆ. ಮಣ್ಣು ಒಳಗೆ ಪೊಳ್ಳಾಗಿದ್ದರೆ ಚೆಂಡಿನ ಕಸುವನ್ನು ಮಣ್ಣೇ ನುಂಗುತ್ತದೆ. ಚೆಂಡು ತಡವಾಗಿ, ತಗ್ಗಾಗಿ ಬರುತ್ತದೆ. ಜೇಡಿಯ ಅಂಶ ಕಡಿಮೆಯಾದರೆ ಮೇಲ್ಪದರ ಎರಡನೇ ದಿನಕ್ಕೇ ಹುಡಿಯಾಗುತ್ತದೆ, ಅತಿಯಾದರೆ ಬಿರುಕು ಬಿಡುತ್ತದೆ. ಬಿರುಕಿನ ಅಂಚಿಗೆ ಬಿದ್ದ ಚೆಂಡು ಎತ್ತ ಹೋಗುತ್ತದೆಂದು ಬೌಲರ್‌ಗೂ ಗೊತ್ತಿರುವುದಿಲ್ಲ.

ಹುಲ್ಲು ಅಂದಕ್ಕಾಗಿ ಬೆಳೆಸಿದ್ದಲ್ಲ. ಉಷ್ಣವಲಯದ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಕನ್ನಡಿಗರಿಗೆ ಹೊಸದೇನಲ್ಲ, ಗಣಪತಿಗೆ ಏರಿಸುವ ಗರಿಕೆಯೇ ಅದು. ಅದರ ಬೇರು ಮಣ್ಣನ್ನು ಹಿಡಿದಿಡುತ್ತದೆ. ಆಳದಲ್ಲಿ ಉಳಿದ ನೀರನ್ನು ಹೀರಿ ಮೇಲಕ್ಕೆ ಕಳಿಸಿ, ಇಡೀ ಪಟ್ಟಿ ಸಮನಾಗಿ ಒಣಗುವಂತೆ ನೋಡಿಕೊಳ್ಳುತ್ತದೆ. ಹುಲ್ಲು ಸತ್ತ ಜಾಗದಲ್ಲಿ ಮೇಲ್ಪದರ ಒಣಗಿ, ಒಳಗೆ ತೇವ ಉಳಿಯುತ್ತದೆ. ಚೆಂಡು ಒಮ್ಮೆ ಎದೆಗೆ, ಇನ್ನೊಮ್ಮೆ ಪಾದಕ್ಕೆ ಬರುವ ಎರಡು ಮನಸ್ಸಿನ ಪಿಚ್ ಹುಟ್ಟುವುದು ಬಹುಪಾಲು ಹೀಗೆಯೇ. ಅನುಭವಿ ಗ್ರೌಂಡ್ಸ್‌ಮನ್‌ಗಳು ಮಣ್ಣಿಗೆ ಬೀಗದ ಕೈಯೊಂದನ್ನು ಚುಚ್ಚಿ ನೋಡಿ, ಅದು ಎಷ್ಟು ಸಲೀಸಾಗಿ ಇಳಿಯುತ್ತದೆ ಎಂಬುದರ ಮೇಲೆ ರೋಲರ್ ಇಳಿಸುವ ಹೊತ್ತು ಗೊತ್ತುಮಾಡುತ್ತಾರೆ. ತೇವ ಹೆಚ್ಚಿದ್ದಾಗ ಉರುಳಿಸಿದರೆ ಮಣ್ಣು ರೋಲರ್‌ಗೆ ಮೆತ್ತಿಕೊಂಡು ಏಳುತ್ತದೆ. ಒಣಗಿದ ಮೇಲೆ ಉರುಳಿಸಿದರೆ ಎಷ್ಟು ಟನ್ ಭಾರವಿದ್ದರೂ ಉಪಯೋಗವಿಲ್ಲ. ಆ ಹದ ಸಿಗುವುದು ದಿನದಲ್ಲಿ ಕೆಲವೇ ಗಂಟೆ.

ಬಾರ್ಬಡೋಸ್‌ನ ಬಹುಭಾಗ ಹವಳದ ಸುಣ್ಣಕಲ್ಲು. ಅದರ ಮೇಲೆ ಹರಡಿರುವುದು ಕಪ್ಪು ಜೇಡಿ. ನೀರು ಬಿದ್ದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುವ ಈ ಮಣ್ಣು ಗದಗ, ವಿಜಯಪುರದ ಕಡೆಯ ಎರೆಮಣ್ಣಿನ ಹತ್ತಿರದ ನೆಂಟ. ಸದಾ ಬೀಸುವ ಸಮುದ್ರದ ಗಾಳಿ ಅದನ್ನು ಬೇಗ ಒಣಗಿಸುತ್ತದೆ. ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಚೆಂಡು ಏಳುತ್ತದೆ ಎಂಬ ಮಾತು ಇಲ್ಲಿಂದ ಬಂದದ್ದು. ವೆಸ್ಟ್ ಇಂಡೀಸ್ 1935ರಿಂದ 1994ರವರೆಗೆ ಆ ಮೈದಾನದಲ್ಲಿ ಒಂದು ಟೆಸ್ಟ್ ಕೂಡ ಸೋಲಲಿಲ್ಲ. ವೆಸ್ ಹಾಲ್, ಚಾರ್ಲಿ ಗ್ರಿಫಿತ್, ಜೋಯೆಲ್ ಗಾರ್ನರ್, ಮಾಲ್ಕಮ್ ಮಾರ್ಷಲ್ ಈ ಪುಟ್ಟ ದ್ವೀಪದವರೇ. ದೇಶೀಯ ಟೂರ್ನಿಯನ್ನು ಅತಿ ಹೆಚ್ಚು ಬಾರಿ ಗೆದ್ದಿರುವುದೂ ಬಾರ್ಬಡೋಸ್. ಇಷ್ಟನ್ನೂ ಮಣ್ಣಿನ ಲೆಕ್ಕಕ್ಕೇ ಬರೆಯಲಾಗದು. ಶಾಲೆ, ಕ್ಲಬ್, ಹಳೆಯ ಪರಂಪರೆ ಎಲ್ಲದರ ಪಾಲಿದೆ. ಆದರೂ ಹದಿನೈದರ ಹುಡುಗ ಓಡಿಬಂದು ಎಸೆದ ಚೆಂಡು ಬ್ಯಾಟ್ಸ್‌ಮನ್‌ನ ಪಕ್ಕೆಗೆ ಏರುತ್ತದೆಯೋ ಮೊಣಕಾಲಿನಲ್ಲೇ ಸಾಯುತ್ತದೆಯೋ ಎಂಬುದರ ಮೇಲೆ ಅವನು ವೇಗಿಯಾಗಿ ಮುಂದುವರಿಯುತ್ತಾನೋ ಇಲ್ಲವೋ ಎಂಬುದು ಬಹಳಷ್ಟು ನಿಂತಿದೆ.

ಗಯಾನಾದ ಕಥೆ ತಿರುವುಮುರುವು. ಅಲ್ಲಿನ ಕರಾವಳಿ ಸಮುದ್ರ ಉಕ್ಕಿದಾಗಿನ ಮಟ್ಟಕ್ಕಿಂತ ಕೆಳಗಿದೆ. ಕಡಲಗೋಡೆ ಕಟ್ಟಿ, ಕಾಲುವೆ ತೋಡಿ, ತೂಬುಗಳನ್ನು ಎತ್ತಿ ಇಳಿಸಿ ನೀರನ್ನು ಹೊರಗಿಟ್ಟು ಬದುಕುವ ಊರು ಜಾರ್ಜ್‌ಟೌನ್. ಹಳೆಯ ಬೌರ್ಡಾ ಮೈದಾನದ ಸುತ್ತಲೂ ನೀರಿನ ಕಂದಕವೇ ಇತ್ತು. 1990ರಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಒಂದೂ ಎಸೆತ ಕಾಣದೆ ಮಳೆಯಲ್ಲಿ ಮುಳುಗಿದ್ದು ಈ ಊರಿನಲ್ಲೇ. ವರ್ಷಕ್ಕೆ ಎರಡು ಮಳೆಗಾಲ ಕಾಣುವ, ಬುಡದಲ್ಲಿ ನೀರು ಆರದ ಈ ಜೇಡಿನೆಲದಲ್ಲಿ ಚೆಂಡು ನಿಂತು ನಿಂತು ಬರುತ್ತದೆ. ಇಂಥ ನೆಲದಲ್ಲಿ ಬೆಳೆದವರು ಶಿವನಾರಾಯಣ್ ಚಂದ್ರಪಾಲ್. ಕ್ರೀಸಿಗೆ ಬಂದೊಡನೆ ಬೇಲ್ ತೆಗೆದು ಅದರಿಂದ ಕುಟ್ಟಿ ಗಾರ್ಡ್ ಗುರುತು ಮಾಡಿಕೊಂಡು, ಬೌಲರ್‌ಗೆ ಎದೆ ಕೊಟ್ಟು ನಿಂತು, ಚೆಂಡು ಕಣ್ಣ ಕೆಳಗೆ ಬರುವವರೆಗೆ ಕಾಯ್ದು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಒಂಟಿ ರನ್ ಕದಿಯುವ ಅವರ ಆಟವನ್ನು ವಿಚಿತ್ರ ಎಂದವರಿದ್ದಾರೆ. ನಿಧಾನದ ಪಿಚ್‌ನಲ್ಲಿ ಅದಕ್ಕಿಂತ ಸರಿಯಾದ ವಿಧಾನ ಸಿಗುವುದು ಕಷ್ಟ.

ಟ್ರಿನಿಡಾಡ್‌ನಲ್ಲಿ 1950ರ ದಶಕದ ನಡುವಿನವರೆಗೆ ಹುಲ್ಲಿನ ಪಿಚ್ಚೇ ಇರಲಿಲ್ಲ. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಜೇಡಿಮಣ್ಣಿನ ಮೇಲೆ ಸೆಣಬಿನ ಚಾಪೆ ಬಿಗಿದು ಆಡುತ್ತಿದ್ದರು. ಮ್ಯಾಟಿಂಗ್ ಮೇಲೆ ಚೆಂಡು ಕಚ್ಚಿ ತಿರುಗುತ್ತದೆ, ಏಳುತ್ತದೆ, ಆದರೆ ಮೊದಲ ದಿನವೂ ಐದನೇ ದಿನವೂ ಒಂದೇ ರೀತಿ. ಬೆಂಗಳೂರಿನ ಲೀಗ್ ಕ್ರಿಕೆಟ್ ಬಹುಕಾಲ ಮ್ಯಾಟಿಂಗ್ ಮೇಲೆಯೇ ನಡೆದದ್ದನ್ನು ಕಂಡ ಹಿರಿಯರಿಗೆ ಈ ಗುಣ ವಿವರಿಸಬೇಕಿಲ್ಲ. ಆ ಚಾಪೆಯ ಮೇಲೆ ಬೆರಳು ಪಳಗಿಸಿಕೊಂಡ ಸೋನಿ ರಾಮದೀನ್ ಕೇವಲ ಎರಡು ಪ್ರಥಮ ದರ್ಜೆ ಪಂದ್ಯಗಳ ಅನುಭವದಲ್ಲಿ 1950ರ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟರು. ಆ ಸರಣಿಯಲ್ಲಿ ಅವರು 26, ಜೊತೆಗಾರ ಆಲ್ಫ್ ವ್ಯಾಲೆಂಟೈನ್ 33 ವಿಕೆಟ್ ಕಿತ್ತು ವೆಸ್ಟ್ ಇಂಡೀಸ್‌ಗೆ ಇಂಗ್ಲೆಂಡ್ ನೆಲದ ಮೊದಲ ಸರಣಿ ಗೆಲುವು ತಂದರು. ಚಾಪೆಯ ಇನ್ನೊಂದು ಮುಖ 1954ರಲ್ಲಿ ಕಂಡಿತು. ಅಲ್ಲಿ ನಡೆದ ಕೊನೆಯ ಮ್ಯಾಟಿಂಗ್ ಟೆಸ್ಟ್‌ನಲ್ಲಿ ವೀಕ್ಸ್ 206, ವೊರೆಲ್ 167, ವಾಲ್ಕಾಟ್ 124 ಹೊಡೆದರು. ವೆಸ್ಟ್ ಇಂಡೀಸ್ 8 ವಿಕೆಟ್‌ಗೆ 681 ಪೇರಿಸಿಯೂ ಪಂದ್ಯ ಡ್ರಾ ಆಯಿತು. ಮರುವರ್ಷ ಹುಲ್ಲಿನ ಪಿಚ್ ಬಂತು. ಸ್ಪಿನ್ನರ್‌ಗಳ ಊರು ಎಂಬ ಹೆಸರು ಹಾಗೇ ಉಳಿಯಿತು.

ದ್ವೀಪದಿಂದ ದ್ವೀಪಕ್ಕೆ ನೆಲ ಎಷ್ಟು ಬದಲಾಗುತ್ತದೆ ಎಂಬುದನ್ನು ಹತ್ತೇ ದಿನದ ಅಂತರದಲ್ಲಿ ಮೈಮೇಲೆ ಅನುಭವಿಸಿದವರಲ್ಲಿ ಇಬ್ಬರು ಕನ್ನಡಿಗರೂ ಇದ್ದಾರೆ. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನ ನಿಧಾನ ಪಿಚ್‌ನಲ್ಲಿ ಕ್ಲೈವ್ ಲಾಯ್ಡ್ ಮೂವರು ಸ್ಪಿನ್ನರ್‌ಗಳನ್ನು ಆಡಿಸಿ, ಭಾರತಕ್ಕೆ 403 ರನ್‌ಗಳ ಗುರಿ ಕೊಟ್ಟರು. ಗುಂಡಪ್ಪ ವಿಶ್ವನಾಥ್ 112, ಸುನಿಲ್ ಗಾವಸ್ಕರ್ 102. ಬ್ರಿಜೇಶ್ ಪಟೇಲ್ ಅಜೇಯರಾಗಿ ಉಳಿದು ಮುಗಿಸಿದರು. 4 ವಿಕೆಟ್‌ಗೆ 406. ಮುಂದಿನ ಟೆಸ್ಟ್ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ. ಲಾಯ್ಡ್ ಸ್ಪಿನ್ ಮೇಲಿನ ನಂಬಿಕೆ ಬಿಟ್ಟು ವೇಗಿಗಳನ್ನು ಹರಿಯಬಿಟ್ಟರು. ಏರುಪೇರಾಗಿ ಪುಟಿಯುತ್ತಿದ್ದ ಆ ನೆಲದಲ್ಲಿ ಮೈಕೆಲ್ ಹೋಲ್ಡಿಂಗ್ ಎಸೆತಕ್ಕೆ ಅಂಶುಮನ್ ಗಾಯಕ್ವಾಡ್ ಕಿವಿಗೆ ಏಟು ತಿಂದರು, ವಿಶ್ವನಾಥ್ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ತುಟಿಗೆ ಹೊಲಿಗೆ ಬಿತ್ತು. ಎರಡನೇ ಇನಿಂಗ್ಸ್ ಐದು ವಿಕೆಟ್‌ಗೆ 97ಕ್ಕೆ ಮುಗಿಯಿತು, ಉಳಿದ ಐವರು ಬ್ಯಾಟ್ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅದೇ ಎರಡು ತಂಡಗಳು, ಅದೇ ತಿಂಗಳು. ಬದಲಾದದ್ದು ಕಾಲ ಕೆಳಗಿನ ಮಣ್ಣು ಮತ್ತು ಅದನ್ನು ನೋಡಿ ನಾಯಕ ಬದಲಿಸಿದ ಲೆಕ್ಕ. ನಾಲ್ವರು ವೇಗಿಗಳ ತಂಡ ಎಂಬ ಪದ್ಧತಿ ಬೇರುಬಿಟ್ಟದ್ದು ಈ ಕಾಲದಲ್ಲಿ.

ಆ ಪದ್ಧತಿ ಎರಡು ದಶಕ ನಿಂತದ್ದರಲ್ಲಿ ದೇಶೀಯ ಪಿಚ್‌ಗಳ ಪಾಲಿದ್ದರೂ ಅಷ್ಟೇ ಸಾಕಾಗಿರಲಿಲ್ಲ. ಶೆಲ್ ಶೀಲ್ಡ್‌ನಲ್ಲಿ ಒಂದು ತಂಡಕ್ಕೆ ಸಿಗುತ್ತಿದ್ದುದು ವರ್ಷಕ್ಕೆ ನಾಲ್ಕೈದು ಪಂದ್ಯ. ಉಳಿದ ಪಾಠ ಆಗುತ್ತಿದ್ದುದು ಇಂಗ್ಲಿಷ್ ಕೌಂಟಿಯಲ್ಲಿ. ರಾಬರ್ಟ್ಸ್, ಮಾರ್ಷಲ್, ಗ್ರೀನಿಜ್ ಹ್ಯಾಂಪ್‌ಷೈರ್‌ನಲ್ಲಿ, ರಿಚರ್ಡ್ಸ್, ಗಾರ್ನರ್ ಸಾಮರ್‌ಸೆಟ್‌ನಲ್ಲಿ, ಲಾಯ್ಡ್ ಲ್ಯಾಂಕಾಷೈರ್‌ನಲ್ಲಿ. ವಾರಕ್ಕೊಂದು ಊರು, ಒದ್ದೆ ಪಿಚ್, ಹಸಿರು ಪಿಚ್, ಒಣ ಪಿಚ್. ಊರಿನ ನೆಲ ಒಂದು ಗುಣ ಕೊಟ್ಟರೆ ಪರದೇಶದ ನೆಲಗಳು ಉಳಿದವನ್ನು ಕಲಿಸಿದವು. ಆ ಬಾಗಿಲು ಮುಂದಿನ ಪೀಳಿಗೆಗಳಿಗೆ ಅಷ್ಟು ಅಗಲವಾಗಿ ತೆರೆಯಲಿಲ್ಲ. ಆಗ ದೇಶೀಯ ಪಿಚ್‌ಗಳ ಮೇಲೆ ಹೊರೆ ಹೆಚ್ಚಿತು, ಅವು ಸೊರಗತೊಡಗಿದ್ದೂ ಸರಿಸುಮಾರು ಅದೇ ಹೊತ್ತಿಗೆ.

ಸೊರಗಿದ ಪಿಚ್ ಎಂದರೇನು ಎಂಬುದನ್ನು ಜಗತ್ತು ನೇರಪ್ರಸಾರದಲ್ಲಿ ನೋಡಿದ್ದು 1998ರ ಜನವರಿ 29ರಂದು. ಸಬೀನಾ ಪಾರ್ಕ್ ಒಂದು ಕಾಲದಲ್ಲಿ ಕನ್ನಡಿಯಂತೆ ಹೊಳೆಯುವ ನೆಲಕ್ಕೆ ಹೆಸರಾಗಿತ್ತು. ಇಂಗ್ಲೆಂಡ್ ಪ್ರವಾಸದ ಮೊದಲ ಟೆಸ್ಟ್‌ಗೆ ಮುಂಚೆ ಅಲ್ಲಿನ ಪಿಚ್ಚನ್ನು ಅಗೆದು ಹೊಸದಾಗಿ ಹಾಕಿದ್ದರು; ಅದು ಕೂತಿರಲಿಲ್ಲ. ಮೇಲ್ಮೈ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿತ್ತು. ಅಲೆಯ ಏರಿಗೆ ಬಿದ್ದ ಚೆಂಡು ಹೆಲ್ಮೆಟ್‌ಗೆ, ಇಳಿಜಾರಿಗೆ ಬಿದ್ದದ್ದು ಕಣಕಾಲಿಗೆ. ಎಸೆಯುತ್ತಿದ್ದವರು ಆಂಬ್ರೋಸ್ ಮತ್ತು ವಾಲ್ಶ್. ಇಂಗ್ಲೆಂಡ್‌ನ ಫಿಸಿಯೊ ಮೈದಾನಕ್ಕೆ ಮತ್ತೆ ಮತ್ತೆ ಓಡಬೇಕಾಯಿತು. 10.1 ಓವರ್, 3 ವಿಕೆಟ್‌ಗೆ 17 ರನ್, 56 ನಿಮಿಷ. ಅಂಪೈರ್‌ಗಳಾದ ಸ್ಟೀವ್ ಬಕ್ನರ್ ಮತ್ತು ವೆಂಕಟರಾಘವನ್, ಮ್ಯಾಚ್ ರೆಫರಿ, ಇಬ್ಬರು ನಾಯಕರು ಮಾತಾಡಿಕೊಂಡು ಪಂದ್ಯ ನಿಲ್ಲಿಸಿದರು. ಪಿಚ್ ಅಪಾಯಕಾರಿ ಎಂದು ಟೆಸ್ಟ್ ಪಂದ್ಯ ಕೈಬಿಟ್ಟದ್ದು ಅದೇ ಮೊದಲು. ಅಂತರರಾಷ್ಟ್ರೀಯ ಪಂದ್ಯದ ಪಿಚ್ ಕೆಟ್ಟರೆ ಈಗ ಐಸಿಸಿ ದರ್ಜೆ ಕೊಡುತ್ತದೆ, ಡಿಮೆರಿಟ್ ಅಂಕ ಹಾಕುತ್ತದೆ. ದೇಶೀಯ ಪಂದ್ಯದ ಪಿಚ್ ಕೆಟ್ಟರೆ ಅದು ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ಮುಗಿಯುವ ಸುದ್ದಿ; ಪೆಟ್ಟು ಮಾತ್ರ ಆಟಗಾರನ ದಾಖಲೆಯಲ್ಲಿ ಉಳಿಯುತ್ತದೆ.

2007ರ ವಿಶ್ವಕಪ್ ಕೆರಿಬಿಯನ್ ಮೈದಾನಗಳ ಮುಖ ಬದಲಿಸಿತು. ಬೌರ್ಡಾ ಬದಲಿಗೆ ಭಾರತದ ನೆರವಿನಿಂದ ಪ್ರಾವಿಡೆನ್ಸ್, ಆಂಟಿಗಾದ ಹಳೆಯ ಮೈದಾನದ ಬದಲಿಗೆ ಚೀನಾದ ನೆರವಿನಿಂದ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣ. ಗ್ಯಾಲರಿ, ದೀಪ, ಕಾಂಕ್ರೀಟು ಒಂದೆರಡು ವರ್ಷದಲ್ಲಿ ಎದ್ದು ನಿಲ್ಲುತ್ತವೆ. ಮಣ್ಣಿಗೆ ಆ ಅವಸರ ತಿಳಿಯದು. 2009ರ ಫೆಬ್ರುವರಿಯಲ್ಲಿ ಆಂಟಿಗಾದ ಹೊಸ ಕ್ರೀಡಾಂಗಣದ ಟೆಸ್ಟ್ ಹತ್ತೇ ಎಸೆತಕ್ಕೆ ನಿಂತಿತು. ಅಲ್ಲಿ ಕೆಟ್ಟಿದ್ದು ಪಿಚ್ ಅಲ್ಲ, ಔಟ್‌ಫೀಲ್ಡ್. ಬೌಲರ್‌ಗಳ ಕಾಲು ಮರಳಿನಲ್ಲಿ ಹೂತುಹೋಗುತ್ತಿತ್ತು. ಎರಡು ದಿನದ ಬಳಿಕ ಹೊಸ ಟೆಸ್ಟ್ ಶುರುವಾದದ್ದು ಊರೊಳಗಿನ ಹಳೆಯ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್‌ನಲ್ಲಿ. ಬ್ರಯಾನ್ ಲಾರಾ 1994ರಲ್ಲಿ 375, 2004ರಲ್ಲಿ ಅಜೇಯ 400 ಹೊಡೆದ ಮೈದಾನ ಅದು. ಆಂಟಿಗಾದ ಬ್ಯಾಟಿಂಗ್ ಪಿಚ್‌ಗಳ ಸಿದ್ಧತೆಯ ಮೇಲ್ವಿಚಾರಣೆ ವಹಿಸಿಕೊಂಡವರು ಆ್ಯಂಡಿ ರಾಬರ್ಟ್ಸ್, ಎಪ್ಪತ್ತರ ದಶಕದಲ್ಲಿ ಬ್ಯಾಟ್ಸ್‌ಮನ್‌ಗಳ ನಿದ್ದೆ ಕೆಡಿಸಿದ ವೇಗಿ. ಕ್ರಿಕೆಟ್‌ನಲ್ಲಿ ಇಷ್ಟು ಮಜಬೂತಾದ ಪ್ರಾಯಶ್ಚಿತ್ತ ಮತ್ತೊಂದು ಇರಲಾರದು.

ಒಟ್ಟಿನಲ್ಲಿ ದೇಶೀಯ ಪಿಚ್‌ಗಳು ಒಂದೊಂದಾಗಿ ನಿಧಾನವಾದವು. ಅದಕ್ಕೆ ಕಾರಣ ಹಲವು. ಹಳೆಯ ಮಣ್ಣನ್ನು ತೆಗೆಯದೆ ವರ್ಷ ವರ್ಷ ಮೇಲೆ ಹೊಸ ಪದರ ಹರಡಿದರೆ ಎರಡೂ ಬೆಸೆಯುವುದಿಲ್ಲ, ನಡುವೆ ಸತ್ತ ಹುಲ್ಲಿನ ಪೊರೆ ಉಳಿದು ಮೆತ್ತೆಯಂತೆ ಚೆಂಡಿನ ಕಸುವು ಹೀರುತ್ತದೆ. ಬಹುತೇಕ ಕ್ರೀಡಾಂಗಣಗಳು ಸರ್ಕಾರಗಳ ಸ್ವತ್ತು. ಕ್ರಿಕೆಟ್ ಮಂಡಳಿ ಅಲ್ಲಿ ಅತಿಥಿ. ಫುಟ್‌ಬಾಲ್ ಇರುತ್ತದೆ, ಸಂಗೀತ ಕಾರ್ಯಕ್ರಮ ಇರುತ್ತದೆ, ಸಭೆ ಇರುತ್ತದೆ. ಜೊತೆಗೆ ಊರಿನ ತಂಡದ ಆಸೆಯೂ ಒಂದಿದೆ: ಒಳ್ಳೆಯ ಸ್ಪಿನ್ನರ್ ಇರುವ ತಂಡ ಒಣ, ನಿಧಾನ ಪಿಚ್ ಬಯಸುತ್ತದೆ, ಬಯಸಿದ್ದು ಸಿಗುತ್ತದೆ.

ಇದರ ಫಲ ಟ್ರೋಫಿಗಳ ಪಟ್ಟಿಯಲ್ಲೇ ಇದೆ. 2008ರಿಂದ 2012ರವರೆಗೆ ಸತತ ಐದು ವರ್ಷ ಜಮೈಕಾ ಚಾಂಪಿಯನ್. ಅವರ ಬೌಲಿಂಗ್‌ನ ಆಧಾರ ಎಡಗೈ ಸ್ಪಿನ್ನರ್ ನಿಕಿತಾ ಮಿಲ್ಲರ್. 2015ರಿಂದ 2019ರವರೆಗೆ ಸತತ ಐದು ವರ್ಷ ಗಯಾನಾ. ಅವರಿಗೆ ಎಡಗೈ ಸ್ಪಿನ್ನರ್ ವೀರಸ್ವಾಮಿ ಪೆರ್ಮಾಲ್. ಹೋಲ್ಡಿಂಗ್ ಹುಟ್ಟಿದ ದ್ವೀಪ, ವಾಲ್ಶ್ ಹುಟ್ಟಿದ ದ್ವೀಪ ಎಡಗೈ ಸ್ಪಿನ್‌ನಿಂದ ಕಪ್ ಗೆಲ್ಲುತ್ತಿತ್ತು ಎಂದರೆ ನೆಲ ಎಷ್ಟು ಬದಲಾಗಿತ್ತೆಂದು ಊಹಿಸಬಹುದು.

ಮಿಲ್ಲರ್ ಕಥೆಯನ್ನು ಹತ್ತಿರದಿಂದ ನೋಡಬೇಕು. ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್, ಅದೂ ಪ್ರತಿ ವಿಕೆಟ್‌ಗೆ ಹದಿನಾರರ ಆಸುಪಾಸು ರನ್ ಸರಾಸರಿಯಲ್ಲಿ. ಆಧುನಿಕ ಕಾಲದಲ್ಲಿ ಕಣ್ಣುಜ್ಜಿಕೊಂಡು ನೋಡಬೇಕಾದ ಅಂಕಿ. ಇಷ್ಟಿದ್ದೂ ಅವರು ಆಡಿದ್ದು ಒಂದೇ ಒಂದು ಟೆಸ್ಟ್, 2009ರಲ್ಲಿ ಬಾಂಗ್ಲಾದೇಶದ ವಿರುದ್ಧ; ಅದೂ ಹಿರಿಯ ಆಟಗಾರರು ಮಂಡಳಿಯೊಡನೆ ಜಗಳವಾಡಿ ಹೊರಗುಳಿದಿದ್ದಾಗ. ಒಳ್ಳೆಯ ಪಿಚ್‌ನಲ್ಲಿ ಈ ವಿಕೆಟ್‌ಗಳು ಬರುತ್ತಿದ್ದವೇ ಎಂಬ ಸಂಶಯ ಇಂಥ ಅಂಕಿಗಳ ಬೆನ್ನು ಬಿಡುವುದಿಲ್ಲ. ಸಂಶಯ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬೇಕಾಗಿದ್ದ ಒಳ್ಳೆಯ ಪಿಚ್ಚೇ ಅವರಿಗೆ ಸಾಕಷ್ಟು ಸಿಗಲಿಲ್ಲ. ಕೆಟ್ಟ ನೆಲ ಬ್ಯಾಟ್ಸ್‌ಮನ್‌ಗೆ ಮಾತ್ರ ಅನ್ಯಾಯ ಮಾಡುತ್ತದೆ ಎನ್ನುವುದು ಪೂರ್ತಿ ಸತ್ಯವಲ್ಲ. ಅದು ಕೊಟ್ಟ ವಿಕೆಟ್‌ಗಳ ಬೆಲೆಯನ್ನೂ ಅದೇ ಕಳೆಯುತ್ತದೆ.

ಬ್ಯಾಟ್ಸ್‌ಮನ್‌ಗೆ ಆಗುವ ನಷ್ಟ ಬೇರೆ ತೆರನಾದದ್ದು. ಮಧ್ಯಾಹ್ನದ ಬಿಸಿಲು, ಹುಡಿಯೆದ್ದ ಪಿಚ್, ಎಡಗೈ ಸ್ಪಿನ್ನರ್, ಬ್ಯಾಟಿನ ಪಕ್ಕದಲ್ಲೇ ಕೂತ ಇಬ್ಬರು ಫೀಲ್ಡರ್‌ಗಳು. ಮುಂಗಾಲು ಚಾಚಿ ಡ್ರೈವ್ ಮಾಡಹೋದರೆ ಚೆಂಡು ನಿಂತು ಬಂದು ಕವರ್‌ನಲ್ಲಿ ಕ್ಯಾಚ್. ಹಿಂದಕ್ಕೆ ಸರಿದು ಕಟ್ ಮಾಡಹೋದರೆ ತಗ್ಗಾಗಿ ನುಗ್ಗಿ ಎಲ್‌ಬಿಡಬ್ಲ್ಯು. ಎರಡು ಬಾರಿ ಹೀಗೆ ಔಟಾದವನು ಮೂರನೇ ಬಾರಿ ಎರಡನ್ನೂ ಬಿಡುತ್ತಾನೆ. ಪ್ಯಾಡ್ ಮುಂದಿಟ್ಟು ತಡೆಯುತ್ತಾನೆ, ಅಥವಾ ಹೇಗೂ ಒಂದು ಎಸೆತ ನುಂಗುತ್ತದೆ ಎಂದುಕೊಂಡು ಅದಕ್ಕೆ ಮುಂಚೆ ಸಿಕ್ಸರ್ ಹೊಡೆಯಲು ಎದ್ದು ನಿಲ್ಲುತ್ತಾನೆ. ಎರಡೂ ಆ ಪಿಚ್‌ನಲ್ಲಿ ವಿವೇಕದ ಆಟವೇ. ನಿಜವಾದ ಪುಟಿತವಿರುವ ನೆಲದಲ್ಲಿ ನಿಂತಾಗ ಮಾತ್ರ ಅದರ ಕೊರತೆ ಕಾಣುತ್ತದೆ: ಮೇಲೇಳುವ ಚೆಂಡನ್ನು ಬಿಡುವುದು ಗೊತ್ತಿಲ್ಲ, ಆಫ್ ಸ್ಟಂಪ್ ಎಲ್ಲಿದೆ ಎಂಬ ಅಂದಾಜಿಲ್ಲ, ಹಿಂಗಾಲಿನ ಆಟ ಮರೆತಿದೆ.

ಹಾಗಾದರೆ ಸ್ಪಿನ್ ಆದರೂ ಚೆನ್ನಾಗಿ ಆಡಬೇಕಲ್ಲ? ಅದೂ ಆಗುವುದಿಲ್ಲ. 2023ರ ಜುಲೈನಲ್ಲಿ ಡೊಮಿನಿಕಾದ ರೊಸೋದಲ್ಲಿ, ತಮ್ಮದೇ ನೆಲದಲ್ಲಿ, ರವಿಚಂದ್ರನ್ ಅಶ್ವಿನ್‌ಗೆ ವೆಸ್ಟ್ ಇಂಡೀಸ್ 12 ವಿಕೆಟ್ ಒಪ್ಪಿಸಿತು. ಸೋಲು ಇನಿಂಗ್ಸ್ ಮತ್ತು 141 ರನ್‌ಗಳಿಂದ. ನಿಧಾನವಾಗಿ ತಿರುಗುವ ಚೆಂಡನ್ನು ನೆಲ ನೋಡಿದ ಮೇಲೂ ಆಡಬಹುದು, ಸಮಯವಿರುತ್ತದೆ. ವೇಗವಾಗಿ ತಿರುಗುವುದನ್ನು ಬೌಲರ್‌ನ ಕೈಯಲ್ಲೇ ಓದಬೇಕು. ಮೊದಲಿನದು ಎರಡನೆಯದಕ್ಕೆ ತಯಾರಿಯಲ್ಲ, ಎಷ್ಟೋ ಸಲ ಅಡ್ಡಿ.

ಪಂದ್ಯಗಳ ಸಂಖ್ಯೆ ಈ ತೊಂದರೆಯನ್ನು ಹಿಗ್ಗಿಸುತ್ತದೆ. 2014-15ರಲ್ಲಿ ವೃತ್ತಿಪರ ಲೀಗ್ ಶುರುವಾದಾಗ ಪ್ರತಿ ತಂಡಕ್ಕೆ 10 ನಾಲ್ಕು ದಿನದ ಪಂದ್ಯಗಳಿದ್ದವು. 2022ರಲ್ಲಿ ಅದು 5ಕ್ಕೆ ಇಳಿದಿತ್ತು. ಐದು ಪಂದ್ಯ ಆಡುವ ಯುವ ಆರಂಭಿಕನಿಗೆ ಎರಡು ಪಂದ್ಯ ಹುಡಿ ಪಿಚ್‌ನಲ್ಲಿ ಬಿದ್ದರೆ ಅವನ ವರ್ಷದ ಶೇಕಡ 40 ಕೈಬಿಟ್ಟಂತೆ. ಒಳ್ಳೆಯ ಪಿಚ್‌ನಲ್ಲಿ ಸರಿದೂಗಿಸಲು ಪಂದ್ಯಗಳು ಉಳಿದಿರುವುದಿಲ್ಲ. ಮೂವತ್ತೈದರ ಸರಾಸರಿಯ ಬ್ಯಾಟ್ಸ್‌ಮನ್ ಕಷ್ಟದ ಪಿಚ್‌ಗಳಲ್ಲಿ ಗಳಿಸಿದನೋ ಸುಲಭದವುಗಳಲ್ಲೋ ಎಂದು ಆಯ್ಕೆಗಾರರು ಬಿಡಿಸಿ ನೋಡಬೇಕು.

ವೇಗಿಯ ಪಾಡು ಇನ್ನೂ ಬಿಗಿ. ನಿಧಾನ ಪಿಚ್‌ನಲ್ಲಿ ನಾಯಕನಿಗೆ ಅವನ ಅಗತ್ಯ ಹೊಸ ಚೆಂಡು ಹಳತಾಗುವವರೆಗೆ ಮಾತ್ರ. ಆರು ಓವರ್ ಎಸೆದು ಗಡಿಯ ಬಳಿ ನಿಲ್ಲುವ ಹುಡುಗ ದಿನಕ್ಕೆ ಇಪ್ಪತ್ತು ಓವರ್ ಎಸೆಯುವ ದಮ್ಮು ಎಲ್ಲಿಂದ ತಂದಾನು? ಎಸೆದರೂ ಎಡ್ಜ್ ಆದ ಚೆಂಡು ಸ್ಲಿಪ್‌ಗೆ ತಲುಪದೆ ಮುಂದೆಯೇ ಬೀಳುತ್ತದೆ. ಹತಾಶೆಯಿಂದ ಚೆಂಡನ್ನು ಕುಟ್ಟಿ ಎಸೆಯಲು ಬೆನ್ನು ಬಗ್ಗಿಸುತ್ತಾನೆ, ಗಾಯಕ್ಕೆ ದಾರಿ. ಸುಮ್ಮನೆ ವೇಗ ತಗ್ಗಿಸಿ ಲೈನ್ ಹಿಡಿದು ಎಸೆಯುವುದು ಜಾಣರ ಉಪಾಯ. ಅಲ್ಲಿಗೆ ಒಬ್ಬ ವೇಗಿ ಕಡಿಮೆಯಾದ. ಶಮಾರ್ ಜೋಸೆಫ್ ಈ ನಿಯಮಕ್ಕೆ ಸಿಗದವರು. ಗಯಾನಾದ ನದಿಯ ಮೇಲಿನ ಬರಕಾರಾ ಎಂಬ, ದೋಣಿಯಲ್ಲಿ ಹೋಗಬೇಕಾದ ಊರಿನಿಂದ ಬಂದು, ಬೆರಳೆಣಿಕೆಯ ಪ್ರಥಮ ದರ್ಜೆ ಪಂದ್ಯಗಳನ್ನಾಡಿ, 2024ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ 68 ರನ್‌ಗೆ 7 ವಿಕೆಟ್ ಕಿತ್ತರು. ದೇಶೀಯ ಪಿಚ್‌ಗಳು ತಮ್ಮನ್ನು ಪಳಗಿಸುವ ಮೊದಲೇ ಅವರು ದಾಟಿಹೋದರು ಎಂದು ಅರ್ಧ ತಮಾಷೆಯಾಗಿ, ಅರ್ಧ ಗಂಭೀರವಾಗಿ ಹೇಳಬಹುದು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ನಿಧಾನ ನೆಲಗಳು ಬೆಳೆಸಿದ ಸ್ಪಿನ್ನರ್‌ಗಳು ಹೊರದೇಶಗಳಲ್ಲಿ ಗೆದ್ದುಕೊಟ್ಟದ್ದೂ ಉಂಟು. ಗಯಾನಾದ ಗುಡಾಕೇಶ್ ಮೋಟಿ 2023ರ ಫೆಬ್ರುವರಿಯಲ್ಲಿ ಬುಲವಾಯೊದಲ್ಲಿ ಜಿಂಬಾಬ್ವೆ ವಿರುದ್ಧ 99 ರನ್‌ಗೆ 13 ವಿಕೆಟ್ ಪಡೆದರು; ಒಂದು ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ಸ್ಪಿನ್ನರ್ ಒಬ್ಬರ ಅತ್ಯುತ್ತಮ ಸಾಧನೆ ಅದು. ದೇಶೀಯ ಟೂರ್ನಿಯಲ್ಲಿ ವರ್ಷಗಟ್ಟಲೆ ವಿಕೆಟ್ ಗುಡ್ಡೆ ಹಾಕಿದ್ದ ಬಾರ್ಬಡೋಸ್‌ನ ಜೋಮೆಲ್ ವಾರಿಕನ್ 2025ರ ಜನವರಿಯಲ್ಲಿ ಮುಲ್ತಾನ್‌ನ ಎರಡು ಟೆಸ್ಟ್‌ಗಳಲ್ಲಿ 19 ವಿಕೆಟ್ ಕಿತ್ತು ಸರಣಿಯ ಆಟಗಾರರಾದರು. ಪಾಕಿಸ್ತಾನದಲ್ಲಿ ವೆಸ್ಟ್ ಇಂಡೀಸ್ 1990ರ ನಂತರ ಗೆದ್ದ ಮೊದಲ ಟೆಸ್ಟ್ ಆ ಸರಣಿಯ ಎರಡನೆಯದು. ಮುಲ್ತಾನ್‌ನಲ್ಲಿ ಸಿಕ್ಕಿದ್ದು ಅವರು ಊರಲ್ಲಿ ಕಂಡಂಥದೇ ಒಣ ನೆಲ. ಕಷ್ಟದ ಪಿಚ್‌ನಲ್ಲಿ ಒಳ್ಳೆಯ ಬ್ಯಾಟಿಂಗ್ ಆಗುವುದೇ ಇಲ್ಲ ಎಂದೂ ಅಲ್ಲ. 2006ರಲ್ಲಿ ಸಬೀನಾ ಪಾರ್ಕ್‌ನ ಹಾರುವ ಚೆಂಡುಗಳ ನಡುವೆ ರಾಹುಲ್ ದ್ರಾವಿಡ್ 81 ಮತ್ತು 68 ಗಳಿಸಿದರು, ಅನಿಲ್ ಕುಂಬ್ಳೆ 78 ರನ್‌ಗೆ 6 ವಿಕೆಟ್ ತೆಗೆದರು, ಮೂರೇ ದಿನದಲ್ಲಿ ಮುಗಿದ ಆ ಪಂದ್ಯ ಭಾರತಕ್ಕೆ 1971ರ ನಂತರ ಕೆರಿಬಿಯನ್ ನೆಲದ ಮೊದಲ ಸರಣಿ ತಂದಿತು. ಅಂಥ ಇನಿಂಗ್ಸ್ ಆಡಲು ಮೊದಲು ಒಳ್ಳೆಯ ಪಿಚ್‌ಗಳಲ್ಲಿ ಸಾವಿರಾರು ರನ್ ಗಳಿಸಿ ಕೈ ಕೂಡಿರಬೇಕು ಎಂಬುದಷ್ಟೇ ವಿಷಯ. ಇಪ್ಪತ್ತರ ಹುಡುಗನನ್ನು ಅಲ್ಲಿಂದಲೇ ಶುರುಮಾಡಿಸಿದರೆ ಅವನು ಕಲಿಯುವುದು ಆಟವನ್ನಲ್ಲ, ತಪ್ಪಿಸಿಕೊಳ್ಳುವುದನ್ನು.

ಪಿಚ್‌ಗಳು ಸುಧಾರಿಸಬೇಕು ಎಂಬ ಬಗ್ಗೆ ಕೆರಿಬಿಯನ್‌ನಲ್ಲಿ ಯಾರದೂ ತಕರಾರಿಲ್ಲ. ವೃತ್ತಿಪರ ಲೀಗ್‌ನಲ್ಲಿ ವೇಗಿಗಳು ಪಡೆದ ವಿಕೆಟ್‌ಗಳಿಗೆ ತಂಡಕ್ಕೆ ಪ್ರತ್ಯೇಕ ಬೋನಸ್ ಅಂಕ ಕೊಡುವ ನಿಯಮ ತಂದರು; ನಾಯಕ ವೇಗಿಗೆ ಚೆಂಡು ಕೊಡಲಿ, ಊರಿನವರು ಹುಲ್ಲು ಬಿಡಲಿ ಎಂಬ ಆಸೆ ಅದರ ಹಿಂದಿತ್ತು. ಟೆಸ್ಟ್‌ಗಳಲ್ಲಿ ಈಗ ಬಳಸುವ ಡ್ಯೂಕ್ಸ್ ಚೆಂಡಿನ ದಪ್ಪ ಹೊಲಿಗೆ ವೇಗಿಗಳಿಗೆ ಕೊಂಚ ಬಲ ಕೊಟ್ಟಿದೆ. ಆದರೆ ಚೆಂಡನ್ನು ಬದಲಿಸುವುದು ಸುಲಭ, ಅಂಕದ ನಿಯಮ ತಿದ್ದುವುದು ಇನ್ನೂ ಸುಲಭ. 2025ರ ಜುಲೈನಲ್ಲಿ ಸಬೀನಾ ಪಾರ್ಕ್‌ನಲ್ಲಿ ದೀಪದ ಬೆಳಕಿನಲ್ಲಿ ಗುಲಾಬಿ ಚೆಂಡಿನೆದುರು ವೆಸ್ಟ್ ಇಂಡೀಸ್ 27 ರನ್‌ಗೆ ಆಲೌಟ್ ಆಯಿತು; ಮಿಚೆಲ್ ಸ್ಟಾರ್ಕ್ 9 ರನ್‌ಗೆ 6 ವಿಕೆಟ್. ಅದನ್ನು ಪಿಚ್ ಒಂದರ ತಲೆಗೆ ಕಟ್ಟುವುದು ತಪ್ಪು. ಆದರೂ ಚಲಿಸುವ ಚೆಂಡನ್ನು ದೇಶೀಯ ಪಂದ್ಯಗಳಲ್ಲಿ ಅಪರೂಪಕ್ಕೆ ಕಾಣುವ ಬ್ಯಾಟ್ಸ್‌ಮನ್‌ಗಳು ಆ ಸಂಜೆ ಅದನ್ನು ಒಟ್ಟಿಗೇ ಕಂಡರು.

ಕಷ್ಟವಾಗಿ ಉಳಿದಿರುವುದು ಮಣ್ಣಿನ ಕೆಲಸ. ಹಳೆಯ ಪದರವನ್ನು ಆಳದವರೆಗೆ ಅಗೆದು ತೆಗೆಯಬೇಕು. ಸರಿಯಾದ ಜೇಡಿ ಪಕ್ಕದ ಊರಲ್ಲಿ ಸಿಕ್ಕರೆ ಅದೃಷ್ಟ, ಇಲ್ಲವಾದರೆ ಹಡಗಿನಲ್ಲಿ ಬರಬೇಕು. ಪದರ ಪದರವಾಗಿ ಹರಡಿ ಒತ್ತಿ, ಗರಿಕೆ ನೆಟ್ಟು, ಬೇರು ಇಳಿಯುವವರೆಗೆ ಯಾರನ್ನೂ ಆಡಗೊಡಬಾರದು. ಕ್ಯಾಲೆಂಡರ್‌ನಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ: ಜನವರಿಯಿಂದ ಏಪ್ರಿಲ್‌ನ ಒಣ ತಿಂಗಳುಗಳು ದೇಶೀಯ ಪಂದ್ಯಗಳವು, ನಂತರ ವಿದೇಶಿ ತಂಡಗಳ ಪ್ರವಾಸ, ಆಗಸ್ಟ್ ಹೊತ್ತಿಗೆ 2013ರಲ್ಲಿ ಹುಟ್ಟಿದ ಕೆರಿಬಿಯನ್ ಪ್ರೀಮಿಯರ್ ಲೀಗ್, ಜೂನ್‌ನಿಂದ ನವೆಂಬರ್‌ವರೆಗೆ ಮಳೆ ಮತ್ತು ಚಂಡಮಾರುತದ ಭಯ. ಹೊಸ ಮಣ್ಣು ಕೂತು ಗಟ್ಟಿಯಾಗಲು ಏನಿಲ್ಲವೆಂದರೂ ಒಂದು ಋತು ಬಿಡಬೇಕು. 1998ರಲ್ಲಿ ಸಬೀನಾ ಪಾರ್ಕ್‌ಗೆ ಸಿಗದೆ ಹೋದದ್ದು ಆ ಸಮಯವೇ.